ಒಳಗೆ ಬಿಟ್ಟ ಬಟ್ಟೆ

"ಸಹಿ ಹಾಕಪ್ಪ, ಹನ್ನೆರಡು ಗಂಟೆಯೊಳಗೆ ಕಾಲೇಜಲ್ಲಿ ಕೊಡಬೇಕು" ಎಂದು ಮಗಳು ಅರ್ಜಿಯನ್ನು ತಂದು ಹೊಲಿಗೆ ಯಂತ್ರದ ಮೇಲೆಯೇ ಇಟ್ಟಳು. ಟೈಲರ್ ಮಾಸ್ಟರು ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಸರಿಸಿದರು. ಹತ್ತನೇ ಕ್ಲಾಸು ಮುಗಿದಿದೆ, ಮುಂದೆ ವಿಜ್ಞಾನವೋ ಇತಿಹಾಸವೋ ಎಂದು ಅದರಲ್ಲಿ ಗುರುತು ಮಾಡಬೇಕು. ಅಪ್ಪ ವಿಜ್ಞಾನ ಎಂದು ಪಟ್ಟು ಹಿಡಿದಿದ್ದರು. ಮಗಳಿಗೆ ಕಾನೂನು ಓದುವ ಹುಚ್ಚು, ಅದಕ್ಕೆ ಇತಿಹಾಸ, ರಾಜ್ಯಶಾಸ್ತ್ರವೇ ಬೇಕಂತೆ. ಮೂರು ದಿನದಿಂದ ಇದೇ ಜಗ್ಗಾಟ.

"ಲಾ ಕಾಲೇಜಿನ ಮಾತು ಈಗಲೇ ಯಾಕೆ? ಡಿಗ್ರಿ ಆಗಲಿ, ಆಮೇಲೆ ಯೋಚಿಸಿದ್ರಾಯ್ತು."

"ಅಷ್ಟು ಹೊತ್ತಿಗೆ ಲೆಕ್ಕ, ಕೆಮಿಸ್ಟ್ರಿ ಪಾಸು ಮಾಡೋದ್ರಲ್ಲೇ ನಾನು ಸುಸ್ತಾಗಿರ್ತೀನಿ. ಯೋಚಿಸೋಕೆ ತಲೆಯಲ್ಲಿ ಏನು ಉಳಿದಿರತ್ತೆ?"

ಮಾಸ್ಟರು ಪೆಡಲು ತುಳಿದರು. ಕೋರ್ಟಿನ ಎದುರು ಕೂತು ಇಪ್ಪತ್ತೆಂಟು ವರ್ಷ ಕರಿ ಕೋಟು ಹೊಲಿದವರು ಅವರು. ಕುಣಿಯುತ್ತಾ ಮೊದಲ ಕೋಟು ಒಯ್ದವರು ಎರಡೇ ವರ್ಷಕ್ಕೆ ವಕೀಲಿ ಬಿಟ್ಟು, "ಮಾಸ್ಟರ್ರೇ, ಇದನ್ನ ಕತ್ತರಿಸಿ ಮಗೂಗೇನಾದ್ರೂ ಹೊಲಿದುಕೊಡಿ" ಎಂದು ತಂದದ್ದನ್ನು ಎಷ್ಟು ಸಲ ಕಂಡಿಲ್ಲ! ನಾಳೆ ಮಗಳ ಕೋಟೂ ಹಾಗೇ ಕತ್ತರಿಗೆ ಬಂದರೆ? ಅದೇ ಅವರ ಭಯ. ಆದರೆ ಅದನ್ನು ಮಗಳ ಮುಂದೆ ಹೇಳುವುದು ಹೇಗೆ?

"ಅರ್ಜೆಂಟ್ ಮಾಸ್ಟರ್ರೇ! ಹನ್ನೊಂದಕ್ಕೆ ಕೇಸಿದೆ, ಗುಂಡಿ ಹಾಕೋಕೇ ಆಗ್ತಿಲ್ಲ!" ಎನ್ನುತ್ತಾ ಹಳೆ ಗಿರಾಕಿ ವಕೀಲಮ್ಮ ಒಳಗೆ ಬಂದು ಕೋಟು ಕಳಚಿಕೊಟ್ಟರು. ಕೋರ್ಟಿನ ಮಂದಿಯೆಲ್ಲ ಬಾಗಿಲಲ್ಲೇ ಆಡುವ ಮಾತು ಅದು. ಅಳತೆ ಪುಸ್ತಕದಲ್ಲಿ 'ಯಾವಾಗ ಬೇಕು' ಅನ್ನುವ ಕಡೆ 'ಅರ್ಜೆಂಟ್' ಎಂದು ಬರೆದೂ ಬರೆದೂ ಮಾಸ್ಟರ ಕೈ ಸವೆದಿತ್ತು. ಅವರು ಕೋಟನ್ನು ಮಗುಚಿ ಹೊಲಿಗೆ ಬಿಚ್ಚತೊಡಗಿದರು. ಹಾಗೇ, ಒಳ್ಳೆಯ ಸಾಕ್ಷಿ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿ ಕೇಳಿದರು: "ಮೇಡಂ, ನೀವು ಕಾನೂನು ಓದಬೇಕು ಅಂತ ಯೋಚಿಸಿದ್ದು ಎಷ್ಟನೇ ವಯಸ್ಸಲ್ಲಿ?"

"ಇಪ್ಪತ್ತೈದು. ಅಲ್ಲಿವರೆಗೆ ಯಾವುದೋ ಆಫೀಸಲ್ಲಿ ಕಡತ ಎತ್ತಿಡ್ತಿದ್ದೆ. ಯಾಕೆ?"

"ಕೇಳಿದ್ಯಾ?" ಎಂದು ಮಾಸ್ಟರು ಹುಬ್ಬು ಹಾರಿಸಿದರು. ಮಗಳು ಮುಖ ಊದಿಸಿಕೊಂಡು ಡಬ್ಬಿಯಲ್ಲಿದ್ದ ಗುಂಡಿಗಳನ್ನು ಸುಮ್ಮನೆ ಕೆದಕುತ್ತಾ ಕೂತಳು.

ಹೊಲಿಗೆ ಬಿಚ್ಚಿದಂತೆ ಒಳಗಿನಿಂದ ಎರಡು ಬೆರಳಗಲದ ಬಟ್ಟೆ ಹೊರಬಂತು, ಬಿಸಿಲು ಕಾಣದ ಕಡುಗಪ್ಪು. ವಕೀಲಮ್ಮ ಬಗ್ಗಿ ನೋಡಿದರು. "ಅಯ್ಯೋ, ಇನ್ನೂ ಇದೆಯಾ! ನೀವಿದನ್ನ ಹೊಲಿದಾಗ ನಾನು ಕಡ್ಡಿ ಹಾಗಿದ್ದೆ. ಅವತ್ತೇ ಇಷ್ಟೆಲ್ಲ ಬಟ್ಟೆ ಯಾಕೆ ಬಿಟ್ರಿ?"

"ಅವತ್ತು ಬಿಡದೆ ಇವತ್ತು ಎಲ್ಲಿಂದ ತರ್ಲಿ ಮೇಡಂ? ಇದನ್ನೆಲ್ಲ ಮೊದಲ ಕತ್ತರಿ ಇಡುವಾಗಲೇ ಯೋಚಿಸಬೇಕು" ಎಂದರು ಮಾಸ್ಟರು ಬೀಗುತ್ತಾ.

ಗುಂಡಿ ಕೆದಕುತ್ತಿದ್ದ ಕೈ ನಿಂತಿತು. "ಅಪ್ಪ, ಇವರು ದಪ್ಪ ಆಗ್ತಾರೆ ಅಂತ ಅವತ್ತೇ ಗೊತ್ತಿತ್ತಾ ನಿಂಗೆ?"

"ಛೆ! ಹಾಗೆಲ್ಲ ಕೇಳ್ತಾರಾ? ನಂಗೆ ಹೇಗೆ ಗೊತ್ತಿರತ್ತೆ?"

"ಆಗದೇ ಹೋಗಿದ್ರೆ ಆ ಬಟ್ಟೆ ದಂಡ ಅಲ್ವಾ?"

"ದಂಡ ಯಾಕಾಗತ್ತೆ? ಬೇಕಾದ್ರೆ ಬಿಚ್ಕೋಬಹುದು, ಬೇಡದಿದ್ರೆ ತನ್ನ ಪಾಡಿಗೆ ಒಳಗಿರತ್ತೆ. ಯಾರಿಗೇನು ತೊಂದ್ರೆ?"

ಮಗಳು ಎದ್ದು ಬಂದು ಅರ್ಜಿಯನ್ನು ಮತ್ತೆ ಅವರ ಮುಂದಿಟ್ಟಳು. "ನಾನೂ ಅಷ್ಟೇ ಕೇಳ್ತಿರೋದು. ವಕೀಲಳೇ ಆಗ್ತೀನಿ ಅಂತ ನಂಗೂ ಗೊತ್ತಿಲ್ಲಪ್ಪ. ಈಗಿಂದಲೇ ಸ್ವಲ್ಪ ಬಟ್ಟೆ ಬಿಡು ಅಂತಿದೀನಿ."

ವಕೀಲಮ್ಮನಿಗೆ ನಗು ತಡೆಯಲಾಗಲಿಲ್ಲ. "ಮುಗೀತು ಮಾಸ್ಟರ್ರೇ! ನೀವೇ ಒಪ್ಕೊಂಡಾಯ್ತು, ಇನ್ನು ವಾದ ಎಲ್ಲಿದೆ?" ಎಂದವರು ಆಮೇಲೆ ಮೆಲ್ಲಗೆ ಸೇರಿಸಿದರು: "ನಾನು ಇಪ್ಪತ್ತೈದಕ್ಕೆ ಯೋಚಿಸಿದ್ದು ನಿಜ. ಆದ್ರೆ ಹದಿನೈದಕ್ಕೆ ನನ್ನನ್ನ ಯಾರೂ ಕೇಳಿರಲೇ ಇಲ್ಲ."

ಮಾಸ್ಟರು ಕೋಟನ್ನು ಹೊಲಿದು, ಇಸ್ತ್ರಿ ಮಾಡಿ ಕೊಟ್ಟರು. ಗುಂಡಿ ಸಲೀಸಾಗಿ ಕೂತಿತು. ವಕೀಲಮ್ಮ ಓಡುನಡಿಗೆಯಲ್ಲಿ ರಸ್ತೆ ದಾಟಿದರು. ಆಮೇಲೆ ಮಾಸ್ಟರು ಕನ್ನಡಕ ಏರಿಸಿ ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡರು, ಇತಿಹಾಸದ ಎದುರು ತಾವೇ ಗುರುತು ಹಾಕಿದರು, ಕೆಳಗೆ ಸಹಿ ಮಾಡಿದರು. ಭಯ ಪೂರ್ತಿ ಹೋಗಿರಲಿಲ್ಲ, ಆದರೂ ಮೂರು ದಿನದ ಜಗ್ಗಾಟ ಮುಗಿದದ್ದಕ್ಕೆ ಹಾಯೆನಿಸಿತು. ಮಗಳು ಅರ್ಜಿ ಕಸಿದುಕೊಂಡು ಹೊರಟಳು.

"ಏಯ್, ನಿಲ್ಲು" ಎಂದು ಮಾಸ್ಟರು ಕೊರಳಲ್ಲಿದ್ದ ಟೇಪು ತೆಗೆದು ಅವಳ ಭುಜದ ಮೇಲೆ ಹಿಡಿದರು.

"ಯಾಕಪ್ಪ? ಲೇಟಾಗತ್ತೆ!"

"ಸುಮ್ನೆ ನಿಂತ್ಕೋ, ತೋಳು ಚಾಚು."

ಅವಳು ಓಡಿದ ಮೇಲೆ ಮಾಸ್ಟರು ಅಳತೆ ಪುಸ್ತಕದಲ್ಲಿ ಹೊಸ ಪುಟ ತೆರೆದರು. ಕರಿ ಕೋಟು, ಒಂದು. ಭುಜ ಹದಿನಾಲ್ಕು, ತೋಳು ಇಪ್ಪತ್ತೆರಡು. 'ಯಾವಾಗ ಬೇಕು' ಅನ್ನುವ ಕಡೆಗೆ ಬಂದರು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅವರು ಅಲ್ಲಿ ಬರೆದರು: 'ಅರ್ಜೆಂಟಿಲ್ಲ. ಬಟ್ಟೆ ಜಾಸ್ತಿ ಬಿಡಬೇಕು.'