ಲಾರಿಯೊಳಗಿನ ಅಡುಗೆಮನೆ

"ಹತ್ತು, ಹತ್ತು, ಬಂದ್ ನೋಡು," ಎಂದು ರುದ್ರಯ್ಯ ಲಾರಿಯ ಹಿಂಬಾಗಿಲಲ್ಲಿ ನಿಂತು ಹೆಂಡತಿಗೆ ಕೈ ಚಾಚಿದ. ಶಿವರುದ್ರಮ್ಮ ಸೆರಗು ಸಿಕ್ಕಿಸಿಕೊಂಡು, ಆ ಕೈ ಹಿಡಿಯುವಷ್ಟೂ ತಾಳ್ಮೆಯಿಲ್ಲದೆ ತಾನೇ ಹತ್ತಿಬಿಟ್ಟಳು. ಶಿರಾ ಗೇಟಿನ ಶೆಡ್ಡಿನಲ್ಲಿ ವೆಲ್ಡಿಂಗ್ ಸದ್ದು ನಿಂತಿತು. ಗುಂಡಯ್ಯ ಮೇಸ್ತ್ರಿಗೂ ಕುತೂಹಲ. ಕೊಬ್ಬರಿ, ಇಟ್ಟಿಗೆ ಹೊರುವ ಲಾರಿಗಳಿಗೆ ಬಾಡಿ ಕಟ್ಟಿಕೊಂಡಿದ್ದವನು, ಲಾರಿಯ ಮೇಲೆ ಮನೆ ಕಟ್ಟಿದ್ದು ಇದೇ ಮೊದಲು.

ಜನತಾ ಸರ್ಕಾರ ಬಂದ ವರ್ಷ ಅದು. ಹರಾಜಿನಲ್ಲಿ ಹಳೇ ಮಿಲಿಟರಿ ಲಾರಿ ಹಿಡಿದ ರುದ್ರಯ್ಯ, ಗುಬ್ಬಿಯ ತೆಂಗಿನ ತೋಟವನ್ನು ತಮ್ಮನಿಗೆ ಒಪ್ಪಿಸಿ, ಕಾಶಿ, ಕೇದಾರ, ಅಲ್ಲಿಂದ ಕಾಶ್ಮೀರ ಅಂತ ಹೊರಟಿದ್ದ. ರೈಲಿನಲ್ಲಿ ಹೋಗಬಹುದಿತ್ತಲ್ಲ ಅನ್ನಬೇಡಿ. ಹೊರಗಿನ ಊಟ ಮುಟ್ಟುವ ಮನುಷ್ಯನೇ ಅಲ್ಲ ಅವನು. ಕುಣಿಗಲ್ಲಿಗೆ ಹೋದರೂ ಬುತ್ತಿ ಕಟ್ಟಿಸಿಕೊಂಡು ಹೋಗುವ ಆಸಾಮಿ. ಹೆಂಡತಿಯ ಕೈಯಡುಗೆ ಇಲ್ಲದಿದ್ದರೆ ಅವನಿಗೆ ಕೇದಾರವೂ ಬೇಡ. ಶಿವರುದ್ರಮ್ಮನಿಗೋ, ತವರು ಹುಲಿಯೂರುದುರ್ಗ, ಗಂಡನ ಮನೆ ಗುಬ್ಬಿ, ಅಷ್ಟೇ ಪ್ರಪಂಚ. ಹಿಮದ ಬೆಟ್ಟ ನೋಡಕ್ಕೋಯ್ತಾ ಇದೀನಿ ಅಂತ ಬೀದಿಗೆಲ್ಲ ಸಾರಿಕೊಂಡು ಬಂದಿದ್ದಳು, ಪಾಪ.

"ಇದು ಮಂಚ. ಅದು ದೇವರ ಗೂಡು. ಇದು ನನ್ ಸೀಟು, ಇಲ್ಲಿ ಕೂತ್ರೆ ಎರಡೂ ಕಡೆ ಕಾಣ್ತದೆ. ಈಗ ನೋಡು, ನಿನ್ ಜಾಗ!" ರುದ್ರಯ್ಯ ಪರದೆ ಸರಿಸಿದ. ಮೂಲೆಯಲ್ಲಿ ಪುಟ್ಟ ಅಡುಗೆಮನೆ. ಉರುಳದಂತೆ ಕಬ್ಬಿಣದ ಬಳೆಯೊಳಗೆ ಕೂರಿಸಿದ ಸೀಮೆಎಣ್ಣೆ ಸ್ಟೌ, ನೆಲಕ್ಕೆ ಬೋಲ್ಟ್ ಹಾಕಿ ಬಿಗಿದ ಒರಳುಕಲ್ಲು, ಡಬ್ಬಿಗಳು ಬೀಳದಂತೆ ಅಡ್ಡಪಟ್ಟಿ ಹೊಡೆದ ಗೂಡುಗಳು. "ಮಣೆ ಮೇಲೆ ಕೂತ್ಕೊ. ಮನೇಲಿ ನೀನ್ ಅಡುಗೆ ಮಾಡುವಾಗ ಕದ್ದು ಅಳತೆ ತಗಂಡು ಮಾಡಿಸಿರೋದು ಕಣೇ! ಕೈ ಚಾಚಿದ್ರೆ ಸ್ಟೌ, ಪಕ್ಕಕ್ಕೆ ತಿರುಗಿದ್ರೆ ಒರಳು, ತಲೆ ಮೇಲೆ ಸಾರಿನ ಪುಡಿ. ಒಂದ್ ಹೆಜ್ಜೆ ಎತ್ತಿಡಂಗಿಲ್ಲ ನೀನು!"

ಶಿವರುದ್ರಮ್ಮ ಕೂತಳು. ಎದುರಿಗೆ ತಗಡು, ಪಕ್ಕಕ್ಕೆ ತಗಡು.

"ಕಿಟಕಿ?"

"ಗಾಳಿ ಬಂದ್ರೆ ಸ್ಟೌ ಆರೋಗ್ತದಲ್ಲ ಅಮ್ಮಾವ್ರೆ," ಎಂದ ಗುಂಡಯ್ಯ ಕೆಳಗಿನಿಂದ. "ಅದಕ್ಕೇ ಇಕ್ಕಲಿಲ್ಲ."

"ಮತ್ತೆ ಹಿಮದ ಬೆಟ್ಟ?"

"ಬಂದಾಗ ಕೂಗ್ತೀನಿ ಬುಡು," ಎಂದ ರುದ್ರಯ್ಯ. "ಸ್ಟೌ ಸಣ್ಣಕ್ ಮಾಡಿ, ಬಂದು ನೋಡ್ಕೊಂಡು ಹೋಗುವಂತೆ."

ಶಿವರುದ್ರಮ್ಮನ ಮುಖ ಸಪ್ಪಗಾಯಿತು. ಇಷ್ಟು ದಿನ ಕುಣಿದಾಡಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. "ಅಲ್ರೀ, ದೇಶ ಸುತ್ತಕ್ಕೆ ಕರ್ಕೊಂಡು ಹೋಗಿ, ಒಂದ್ ಹೆಜ್ಜೆ ಎತ್ತಿಡಂಗಿಲ್ಲ ಅಂತೀರಲ್ಲ! ಈ ಮೂಲೇಲಿ ಕೂತ್ಕೊಳ್ಳಕ್ಕೆ ನಾನ್ಯಾಕೆ ಅಷ್ಟು ದೂರ ಬರ್ಬೇಕು? ಗುಬ್ಬೀಲೇ ಕೂತಿರ್ತೀನಿ. ನೀವ್ ಹೋಗ್ಬನ್ನಿ."

ಲಾರಿ ಇಳಿದೇಬಿಟ್ಟಳು. ರುದ್ರಯ್ಯ ಗಾಬರಿಬಿದ್ದು ಹಿಂದೆಯೇ ಧುಮುಕಿದ. "ನೀನ್ ಬರ್ದಿದ್ರೆ ನನ್ ಊಟಕ್ಕೇನ್ ಗತಿ?" ಎಂದ. ಆಡಲು ಬೇರೆ ಮಾತೇ ಸಿಗಲಿಲ್ಲವೇ ಈ ಮನುಷ್ಯನಿಗೆ!

"ಕೇಳಿದ್ಯಾ ಗುಂಡಯ್ಯ? ನನ್ ಬುಟ್ಟು ಹೋಗಕ್ಕೆ ಬೇಜಾರಿಲ್ಲ ಇವ್ರಿಗೆ, ಊಟ ಬುಟ್ಟು ಹೋಗಕ್ಕೆ ಬೇಜಾರು," ಎಂದಳು ಶಿವರುದ್ರಮ್ಮ. ಗುಂಡಯ್ಯ ಬುದ್ಧಿವಂತ, ಕಿವಿ ಕೇಳದವನಂತೆ ಮತ್ತೆ ವೆಲ್ಡಿಂಗ್ ಶುರುಮಾಡಿದ. ಅವಳು ಎದುರಿಗಿದ್ದ ಹೋಟೆಲು ನೋಡಿದಳು. "ನಂಗೆ ಹಸಿವಾಗ್ತದೆ," ಎಂದವಳೇ ರಸ್ತೆ ದಾಟಿದಳು.

ಹೆಂಗಸು ಒಬ್ಬಳೇ ಹೋಟೆಲ್ಲಿಗೆ ನುಗ್ಗಿದಳು ಅಂದರೆ ಗುಬ್ಬಿಯಲ್ಲಿ ಏನಂದಾರು ಅಂತ ರುದ್ರಯ್ಯನೂ ಹಿಂದೆ ಓಡಿದ. ಅಷ್ಟರಲ್ಲಿ ಅವಳು ಎರಡು ಊಟ ಹೇಳಿ ಆಗಿತ್ತು. ಎಲೆ ಬಂತು, ಅನ್ನ ಬಂತು, ಸಾರು ಬಂತು. ರುದ್ರಯ್ಯ ಎಲೆ ಮುಟ್ಟದೆ ಕೈ ಕಟ್ಟಿಕೊಂಡು ಕೂತ. ಹೆಂಡತಿ ಊಟ ಮಾಡುವುದನ್ನೇ ನೋಡುತ್ತಿದ್ದ. ಹಾಗೆ ಎದುರು ಕೂತು ನೋಡಿದ್ದು ಅದೇ ಮೊದಲು. ಮನೆಯಲ್ಲಿ ಅವಳು ಯಾವಾಗ ಉಣ್ಣುತ್ತಾಳೆ, ಎಷ್ಟು ಉಣ್ಣುತ್ತಾಳೆ, ಅವನಿಗೆ ಗೊತ್ತೇ ಇರಲಿಲ್ಲ.

ಬಡಿಸುವವನು ಬಕೆಟ್ಟು ಹಿಡಿದು ಬಂದು ಬಗ್ಗಿದ. "ಇನ್ನೊಂಚೂರು ಅನ್ನ ಹಾಕ್ಲಾ ತಾಯಿ?"

ಶಿವರುದ್ರಮ್ಮನ ಕೈ ನಿಂತಿತು. ಕಣ್ಣು ತುಂಬಿಕೊಂಡವು. "ಹಾಕಪ್ಪ, ಹಾಕು," ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಮದ್ವೆ ಆದ್ಮೇಲೆ ಇವತ್ತೇ ಕಣ್ರೀ, ನನ್ನ ಯಾರೋ ಹಿಂಗ್ ಕೇಳಿದ್ದು. ಎಲ್ಲರನ್ನೂ ನಾನೇ ಕೇಳ್ಕೊಂಡು ಬಂದಿದ್ದಾಯ್ತು," ಎಂದಳು.

ರುದ್ರಯ್ಯ ಕಟ್ಟಿಕೊಂಡಿದ್ದ ಕೈ ಬಿಚ್ಚಿದ. ಅದೇ ಹೊತ್ತಿಗೆ ಗುಂಡಯ್ಯ ಹೋಟೆಲಿನ ಬಾಗಿಲಲ್ಲಿ ಕಾಣಿಸಿಕೊಂಡ. "ಯಜಮಾನ್ರೆ, ಪೇಂಟರ್ ಬಂದವ್ನೆ. ಆ ಮೂಲೆಗೆ ಏನ್ ಮಾಡ್ಲಿ?"

"ಎಲ್ಲಾ ಕಿತ್ತಾಕು. ದೊಡ್ಡದಾಗಿ ಒಂದು ಕಿಟಕಿ ಕೊರದು, ಅಮ್ಮಾವ್ರಿಗೊಂದು ಸೀಟ್ ಹಾಕು."

"ಮತ್ತೆ ಊಟಕ್ಕೆ?"

ರುದ್ರಯ್ಯ ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಕಣ್ಣು ಮುಚ್ಚಿಕೊಂಡು, ಹರಳೆಣ್ಣೆ ಕುಡಿಯುವವನ ಹಾಗೆ, ಮೊದಲ ತುತ್ತು ಬಾಯಿಗಿಟ್ಟ. ನಿಧಾನವಾಗಿ ಅಗಿದು ನುಂಗಿದ. "ಸಾರಿಗೆ ಉಪ್ಪು ಜಾಸ್ತಿ ಆಗದೆ," ಎಂದ.

ಶಿವರುದ್ರಮ್ಮ ಹೋಟೆಲಿನವರೆಲ್ಲ ತಿರುಗಿ ನೋಡುವಂತೆ ನಕ್ಕಳು. "ಆಗ್ಲಿ ಬುಡ್ರೀ, ಹಾಕ್ದೋಳು ನಾನಲ್ವಲ್ಲ!"