ಎಂಟನೆಯ ಗ್ಲೌಸು

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಹತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ ಸರಿಯಾಗಿ ಗ್ಲೌಸ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಒಂದು ಹನಿ ನೀರು ಬಿತ್ತು.

ಬಕೆಟ್ಟಿಗೆ ಬಿತ್ತು. ಸದ್ದೂ ಆಗಲಿಲ್ಲ. ಆದರೂ ಬಾಗಿಲಲ್ಲಿ ನಿಂತಿದ್ದ ಸರಪಳಿ ಸಾಹೇಬರ ಎದೆ ಧಸಕ್ಕೆಂದಿತು.

ಸರಪಳಿ ಸಾಹೇಬರೆಂದರೆ ಸರಬರಾಜು ವಿಭಾಗದ ಮುಖ್ಯಸ್ಥರು. ‘ಪೂರೈಕೆ ಸರಪಳಿ’ ಎಂಬ ಮಾತನ್ನು ದಿನಕ್ಕೆ ನಲವತ್ತು ಸಲ ಆಡಿ ಗಳಿಸಿದ ಬಿರುದು. ಈ ಸಲ ಅವರು ಹೆಣೆದ ಸರಪಳಿ ಸಾಮಾನ್ಯದ್ದಲ್ಲ. ಊರಾಚೆಯ ದೊಡ್ಡಾಸ್ಪತ್ರೆಯಲ್ಲಿ ಒಂದು ಮಗುವಿಗೆ ಹೃದಯದ ಆಪರೇಷನ್. ಮಾಮೂಲಿ ರಬ್ಬರ್ ತಾಗಿದರೆ ಸಾಕು, ಆ ಮಗುವಿನ ಉಸಿರೇ ಕಟ್ಟುತ್ತದೆ. ಹಾಗಾಗಿ ಬೇರೆ ಬಗೆಯ ಕೃತಕ ರಬ್ಬರಿನ ಗ್ಲೌಸೇ ಬೇಕು. ಅದರ ದಾಸ್ತಾನು ಎಲ್ಲೂ ಇರಲಿಲ್ಲ. ಆಪರೇಷನ್ ಮಾಡುವ ಡಾಕ್ಟರು ಹೊರಗಿನವರು. ಇವತ್ತು ಸಂಜೆ ಹೊರಟರೆ ಮತ್ತೆ ಬರುವುದು ಆರು ತಿಂಗಳಿಗೆ. ಮಗುವಿಗೆ ಅಷ್ಟು ಕಾಲವಿಲ್ಲ ಎಂದು ಆಸ್ಪತ್ರೆಯ ಸ್ಟೋರಿನವನು ಫೋನಿನಲ್ಲಿ ದನಿ ತಗ್ಗಿಸಿ ಹೇಳಿದ್ದ.

ಸಾಹೇಬರು ಟೊಂಕ ಕಟ್ಟಿ ನಿಂತರು. ಬಂದರಿನಲ್ಲಿ ಹನ್ನೊಂದು ದಿನದಿಂದ ಕೊಳೆಯುತ್ತಿದ್ದ ಆ ರಬ್ಬರಿನ ಡ್ರಮ್ಮುಗಳನ್ನು ಅವರಿವರ ಕಾಲು ಹಿಡಿದು ಬಿಡಿಸಿ ತಂದರು. ಬೇರೆ ಆರ್ಡರುಗಳನ್ನೆಲ್ಲ ತಳ್ಳಿ, ಗ್ಲೌಸಿಗೆ ಅಚ್ಚಾಗುವ ಲೈನಿನ ಪಿಂಗಾಣಿ ಕೈಗಳನ್ನು ತೊಳೆಸಿ, ಹೊಸ ರಬ್ಬರಿನಲ್ಲಿ ಅದ್ದಿಸಿದರು. ಡ್ರಮ್ಮು ಖಾಲಿಯಾಯಿತು, ಒಂದೇ ಒಂದು ಲಾಟು ತಯಾರಾಯಿತು. ಲಾರಿ ಎಂಜಿನ್ ಆರಿಸದೆ ಗೇಟಿನಲ್ಲಿ ನಿಂತಿತ್ತು. ಉಳಿದದ್ದು ಒಂದೇ ಕೊಂಡಿ: ಹನಿಯಕ್ಕ.

ಹನಿಯಕ್ಕನ ಕೆಲಸ ಹೇಳಲು ಸುಲಭ. ಲಾಟಿನಿಂದ ಇನ್ನೂರು ಗ್ಲೌಸು ಆರಿಸಿ, ಒಂದೊಂದಕ್ಕೂ ಒಂದು ಲೀಟರ್ ನೀರು ತುಂಬಿ, ಎರಡು ನಿಮಿಷ ತೂಗುಹಾಕಿ ನೋಡುವುದು. ಏಳು ಸೋರಿದರೂ ಲಾಟು ಪಾಸು. ಎಂಟು ಸೋರಿದರೆ ಇಡೀ ಲಾಟು ಗುಜರಿಗೆ. ಆ ಮುದ್ರೆ ಒತ್ತುವ ಅಧಿಕಾರ ಕಾರ್ಖಾನೆಯಲ್ಲಿ ಅವಳೊಬ್ಬಳಿಗೇ. ಮಾತು ಕಮ್ಮಿ, ಮುಖ ಗಂಟು. ಸಂಜೆ ಹೊರಡುವ ಮುನ್ನ ಮೊಣಕೈವರೆಗೆ ಮೂರು ಸಲ ಸೋಪು ಹಚ್ಚಿ ತೊಳೆದು, ಬಟ್ಟೆ ಬದಲಿಸಿಯೇ ಗೇಟು ದಾಟುವವಳು. “ಮಹಾರಾಣಿ ಅರಮನೆಗೆ ಹೊರಟ್ರು” ಎಂದು ಪ್ಯಾಕಿಂಗಿನವರು ನಗುತ್ತಿದ್ದರು.

ಸಾಹೇಬರಿಗೆ ಅವಳ ಮೇಲೆ ಹೋದ ತಿಂಗಳಿಂದ ಅನುಮಾನ. ಪೆಟ್ಟಿಗೆಗಳ ಗೋಂದು ಬೇಗ ಒಣಗಲೆಂದು ಅವಳ ಕೋಣೆಯ ಫ್ಯಾನು ಬಿಚ್ಚಿಸಿ ಒಯ್ದಿದ್ದರು. ಅವಳು ಏನೂ ಅಂದಿರಲಿಲ್ಲ. ಏನೂ ಅನ್ನದವರು ಒಳಗೊಳಗೇ ಬಡ್ಡಿ ಬೆಳೆಸುತ್ತಾರೆ ಎಂಬುದು ಸಾಹೇಬರ ಸಿದ್ಧಾಂತ.

ಇವತ್ತಂತೂ ಅವಳ ಲಕ್ಷಣವೇ ಸರಿಯಿರಲಿಲ್ಲ. ಬೆಳಿಗ್ಗೆಯಿಂದ ಮೂರು ಸಲ, “ಲಾರಿ ಎಷ್ಟೊತ್ತಿಗೆ ತಲುಪುತ್ತೆ ಸಾರ್?” ಎಂದು ಕೇಳಿದ್ದಳು. ಮಧ್ಯಾಹ್ನದಿಂದ ರಜೆ ಬರೆದುಕೊಟ್ಟಿದ್ದಳು. ಮೇಜಿನ ಕೆಳಗೆ ತುಂಬಿದ ಚೀಲ ಸಿದ್ಧವಾಗಿತ್ತು. ಬೋರಲಾಗಿಟ್ಟ ಫೋನು ಗುಂಯ್‌ಗುಟ್ಟುತ್ತಿದ್ದರೂ ಎತ್ತಲಿಲ್ಲ. ಏಳು ಆಗಲೇ ಸೋರಿದ್ದವು. ಇನ್ನೂರನೆಯದನ್ನು ತೂಗುಹಾಕಿದಾಗ ಅವಳ ತುಟಿ ಅಲುಗುತ್ತಿತ್ತು. ಸೆಕೆಂಡು ಎಣಿಸುತ್ತಿದ್ದಾಳೆ ಎಂದುಕೊಂಡರು ಸಾಹೇಬರು. ಸ್ಟಾಪ್‌ವಾಚು ಅವಳ ಕೈಯಲ್ಲೇ ಇತ್ತು.

ಆಗ ಬಿತ್ತು, ಆ ಹನಿ. ನಡುಬೆರಳ ತುದಿಯಿಂದ.

“ಒಂದು ನಿಮಿಷ ಐವತ್ತೆಂಟು ಸೆಕೆಂಡು,” ಎಂದಳು ಹನಿಯಕ್ಕ.

“ಎರಡು ನಿಮಿಷ ಆಗಿತ್ತಲ್ಲಕ್ಕ.”

“ಆಗಿರ್ಲಿಲ್ಲ.”

“ಎರಡೇ ಸೆಕೆಂಡು. ಒಂದು ಸೀನು ಬಂದ್ರೆ ಅಷ್ಟು ಹೊತ್ತು ಹೋಗುತ್ತೆ. ಸೀನಿದೆ ಅಂದ್ಕೊಳ್ಳಿ. ಇಲ್ಲಿ ಯಾರು ನೋಡಿದ್ದಾರೆ?”

“ನಾನು ನೋಡಿದೀನಲ್ಲ ಸಾರ್.”

“ಅಲ್ಲೊಂದು ಮಗು ಕಾಯ್ತಾ ಇದೆ.”

“ಗೊತ್ತು.” ಅವಳು ವಾಚಿನಿಂದ ಕಣ್ಣು ತೆಗೆಯಲಿಲ್ಲ. “ತೂತು ಗ್ಲೌಸಲ್ಲಿ ಅದರ ಎದೆಯೊಳಗೆ ಕೈ ಹಾಕೋದು ಬೇಡ.”

“ಫ್ಯಾನಿನ ಸಿಟ್ಟನ್ನ ಮಗು ಮೇಲೆ ತೀರಿಸ್ಕೋಬೇಡಿ ಅಕ್ಕ. ನಾಳೆನೇ ಹಾಕಿಸ್ತೀನಿ. ಬೇಕಿದ್ರೆ ಎರಡು ಹಾಕಿಸ್ತೀನಿ.”

ಅವಳು ಗ್ಲೌಸಿನ ನೀರನ್ನು ನಿಧಾನವಾಗಿ ಬಕೆಟ್ಟಿಗೆ ಸುರಿದಳು. ರಿಜಿಸ್ಟರಿನಲ್ಲಿ ‘ಎಂಟು’ ಎಂದು ಬರೆಯಹೋದರೆ ಪೆನ್ನು ಮೂಡಲಿಲ್ಲ. ಕೊಡವಿ ಮತ್ತೆ ಬರೆದಳು. ‘ತಿರಸ್ಕೃತ’ ಮುದ್ರೆ ಮಸುಕಾಗಿ ಬಿತ್ತು. ಅದರ ಮೇಲೇ ಇನ್ನೊಮ್ಮೆ ಒತ್ತಿದಳು.

“ಹೆತ್ತವರ ಸಂಕಟ ನಿಮಗೆಲ್ಲಿ ಗೊತ್ತಾಗ್ಬೇಕು,” ಎಂದರು ಸಾಹೇಬರು. ಅಂದಮೇಲೆ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು. ಆದರೆ ಮಾತು ಲಾಟಿನಂತಲ್ಲ, ವಾಪಸ್ ತರಿಸುವ ದಾರಿಯಿಲ್ಲ.

ಹನಿಯಕ್ಕ ಚೀಲವನ್ನು ಕಾಲಿನಿಂದ ಮೇಜಿನಡಿ ಇನ್ನಷ್ಟು ಒಳಕ್ಕೆ ತಳ್ಳಿದಳು.

“ಸಾರ್, ಮಧ್ಯಾಹ್ನದ ರಜೆ ಬೇಡ ಅಂತ ಬರ್ಕೊಳ್ಳಿ.”

“ಯಾಕೆ, ಅವಸರ ತೀರಿತಾ?”

“ತೀರಿತು ಸಾರ್.”

ಸಾಹೇಬರು ದಡದಡ ಕೆಳಗಿಳಿದು ಹೋಗಿ ಲಾರಿಯವನಿಗೆ ಕೈಯಾಡಿಸಿದರು. ಎಂಜಿನ್ ಆರಿತು. ಬೆಳಗಿನಿಂದ ಅದರ ಸದ್ದಿಗೆ ಒಗ್ಗಿಹೋಗಿದ್ದ ಅಂಗಳ ಇದ್ದಕ್ಕಿದ್ದಂತೆ ಕಿವುಡಾಯಿತು. ಗೋಡೆಯ ಮೇಲೆ ಬಂದರಿನಿಂದ ಆಸ್ಪತ್ರೆಯವರೆಗೆ ತಾವೇ ಬಣ್ಣದ ದಾರ ಎಳೆದು ಅಂಟಿಸಿದ್ದ ನಕ್ಷೆಯ ಎದುರು ಸಾಹೇಬರು ಸಂಜೆಯವರೆಗೂ ಕೂತರು. ಸರಪಳಿಗೆ ಸರಪಳಿಯೇ ಎರಡು ಸೆಕೆಂಡಿಗೆ ಕಡಿದುಬಿದ್ದಿತ್ತು.

ಐದು ಗಂಟೆಗೆ ಕಿಟಕಿಯಾಚೆ ನೋಡಿದರೆ, ನಲ್ಲಿಯ ಕೆಳಗೆ ಹನಿಯಕ್ಕ ಮೊಣಕೈವರೆಗೆ ಸೋಪು ಹಚ್ಚುತ್ತಿದ್ದಳು. ತೊಳೆದಳು. ಮತ್ತೆ ಹಚ್ಚಿದಳು. ಪಕ್ಕದ ಕಟ್ಟೆಯ ಮೇಲೆ ಅವಳ ಫೋನು ಗುಂಯ್‌ಗುಟ್ಟುತ್ತ ತನ್ನಷ್ಟಕ್ಕೆ ಜರುಗುತ್ತಿತ್ತು.

“ಮಹಾರಾಣಿ,” ಎಂದು ಗೊಣಗಿದರು ಸಾಹೇಬರು.

ಕಟ್ಟೆಯ ಮೇಲಿನ ಫೋನು ಸುಮ್ಮನಾಯಿತು. ಸಾಹೇಬರ ಮೇಜಿನ ಫೋನು ಹೊಡೆದುಕೊಂಡಿತು. ಆಸ್ಪತ್ರೆಯ ಸ್ಟೋರಿನವನು.

“ಡಾಕ್ಟರು ಹೊರಟುಬಿಟ್ರು ಸಾರ್. ಆ ಮಗು ತಾಯಿಗೆ ಎಷ್ಟು ಸಲ ಮಾಡಿದ್ರೂ ಫೋನ್ ಎತ್ತುತ್ತಿಲ್ಲ. ನಿಮ್ಮಲ್ಲೇ ಗ್ಲೌಸಿಗೆ ನೀರು ತುಂಬಿ ನೋಡೋ ಕೆಲಸವಂತೆ, ಸ್ವಲ್ಪ ನೀವೇ ಹೇಳ್ತೀರಾ?”