ಅರ್ಧ ಇಂಚು

ನಮ್ಮೂರಿನಲ್ಲಿ ಜನ ನಡೆದಷ್ಟೂ ಬೀದಿ ಅಗಲವಾಗುತ್ತದೆ, ನಡೆಯದಿದ್ದರೆ ಕುಗ್ಗುತ್ತದೆ. ಪಾಲಿಕೆಯ ಎಂಜಿನಿಯರನಾಗಿ, ಊರಿನವರನ್ನೆಲ್ಲ ಪೇಟೆ ಬೀದಿಯಲ್ಲಿ ನಡೆಸಿ ಅದನ್ನು ಅರವತ್ತು ಅಡಿ ಮಾಡಿದವನು ನಾನೇ. ಅದಕ್ಕೆ ನನಗೆ ಶಾಲು ಹೊದಿಸಿದರು. ಪೇಟೆಯ ಹಿಂದಿನ ಓಣಿಯಲ್ಲಿದ್ದ ಗೆಳೆಯ, ಟೇಲರ್ ದಸ್ತಗೀರನ ಮನೆಗೆ ಮಾತ್ರ ನಾನು ಆರು ವರ್ಷ ಕಾಲಿಟ್ಟಿರಲಿಲ್ಲ.

ಮಗಳ ಮದುವೆಯ ಕಾರ್ಡು ಕೊಡಲು ಹೋದರೆ, ಓಣಿಯೊಳಗೆ ಅಡ್ಡಡ್ಡಲಾಗಿ ನುಸುಳಬೇಕಾಯಿತು. ದಸ್ತಗೀರನ ಬಾಗಿಲು ಎದುರಿನ ಗೋಡೆಗೆ ತಾಗಿ ಗೇಣಷ್ಟೇ ತೆರೆಯಿತು.

"ದಾರಿ ತಪ್ಪಿ ಬಂದಿಯೇನಪಾ?" ಎಂದು ಒಳಗಿನಿಂದಲೇ ನಕ್ಕ. ನನಗೆ ನಗು ಬರಲಿಲ್ಲ.

ಸಂದಿಯಲ್ಲೇ ಕಾರ್ಡು ತೂರಿಸಿದೆ. "ಮದುವಿಗೆ ಬರಬೇಕು ನೋಡು."

"ಬರಾಕ ಬಾಗಿಲಾ ತೆರೀಬೇಕಲ್ಲೋ." ಕೊರಳಿನ ಟೇಪು ತೆಗೆದು, ಕೈ ಹೊರಚಾಚಿ ಓಣಿಯನ್ನು ಅಳೆದ. ಮುಖ ಅರಳಿತು. "ನೀ ಬಂದಿದ್ದಕ್ಕ ಅರ್ಧ ಇಂಚು ಸಡ್ಲಾಗೇತಿ! ಮದುವಿತನಕಾ ದಿನಾ ಬಾ. ಹೊರಗ ಬಂದ ಬರ್ತೀನಿ, ಅಳಿಯಾಗ ಕೋಟೂ ಹೊಲಿದು ತರ್ತೀನಿ."

"ಬರ್ತೀನಿ" ಎಂದೆ, ನೆಲ ನೋಡುತ್ತ.

ಅವನಿನ್ನೂ ಕಾರ್ಡು ಬಿಚ್ಚಿರಲಿಲ್ಲ. ಮದುವೆ ನಾಳೆಯೇ ಇತ್ತು.